ಅರ್ಮೇನಿಯಾದ ಸೇನೆ ಈಗ ಎಷ್ಟು ಗಟ್ಟಿಯಾಗಿದೆ?

ಭಾರತದಿಂದ ಇಷ್ಟೊಂದು ಶಸ್ತ್ರ ಕೊಳ್ಳುತ್ತಿರುವ ಅರ್ಮೇನಿಯಾ ಇನ್ನು ಅಜರ್ಬೈಜಾನನ್ನು ಎದುರಿಸಬಲ್ಲದೇ ಎಂದು ಕೇಳಿದ್ದೀರಿ. ಕಳೆದುಕೊಂಡದ್ದನ್ನು ಮರಳಿ ಗೆಲ್ಲುವ ಶಕ್ತಿ ಅದಕ್ಕಿಲ್ಲ. ಆದರೆ 2020ರಲ್ಲಿದ್ದಷ್ಟು ರಕ್ಷಣೆಯಿಲ್ಲದೆಯೂ ಅದು ಈಗ ನಿಂತಿಲ್ಲ. ಬೆಂಗಳೂರಿನಲ್ಲಿ ರೇಡಾರ್ ಕೆಲಸದಲ್ಲೇ ಆಯುಷ್ಯದ ಬಹುಪಾಲು ಕಳೆದವನು ನಾನು, ಹಾಗಾಗಿ ಆ ಕಡೆಯಿಂದಲೇ ಹೇಳುತ್ತೇನೆ.

ಅಜರ್ಬೈಜಾನಿನ ಗಡಿಯೊಳಗಿದ್ದರೂ ಅರ್ಮೇನಿಯನ್ನರು ನೆಲೆಸಿದ್ದ, ಎರಡೂ ಕಡೆಯವರು ತಮ್ಮದೆನ್ನುತ್ತಿದ್ದ ನಾಗೋರ್ನೊ-ಕರಬಾಖ್‌ನಲ್ಲಿ 2020ರ ಸೆಪ್ಟೆಂಬರ್ 27ರಂದು ಶುರುವಾದ ಯುದ್ಧ 44 ದಿನ ನಡೆಯಿತು. ಅಜರ್ಬೈಜಾನ್ ಹಳೆಯ ಎಎನ್-2 ವಿಮಾನಗಳನ್ನು, ಅಂದರೆ ಹೊಲಗಳಿಗೆ ಔಷಧಿ ಸಿಂಪಡಿಸಲು ಬಳಸುತ್ತಿದ್ದ ಜಾತಿಯವನ್ನು, ಪೈಲಟ್ ಇಲ್ಲದೆ ಹಾರುವಂತೆ ಮಾರ್ಪಡಿಸಿ ಮುಂದಕ್ಕೆ ಬಿಟ್ಟಿತು. ಅವುಗಳನ್ನು ಹೊಡೆಯಲು ಅರ್ಮೇನಿಯಾದವರು ರೇಡಾರ್ ಚಾಲೂ ಮಾಡಿ ಕ್ಷಿಪಣಿ ಹಾರಿಸಿದರೆ ತಮ್ಮ ಜಾಗವನ್ನು ತಾವೇ ಕೂಗಿ ಹೇಳಿದಂತೆ. ಮೇಲೆ ಕಾದಿದ್ದ ಟರ್ಕಿಯ ಬೈರಕ್ತಾರ್, ಇಸ್ರೇಲಿನ ಹಾರೋಪ್ ಡ್ರೋನ್‌ಗಳು ಅಲ್ಲಿಗೇ ಎರಗುತ್ತಿದ್ದವು. ಅರ್ಮೇನಿಯಾದ ಬಳಿಯಿದ್ದ ಸೋವಿಯತ್ ಕಾಲದ ಓಸಾ ಕ್ಷಿಪಣಿ ಸುಮಾರು 5 ಕಿಲೋಮೀಟರ್ ಎತ್ತರದವರೆಗೆ ಮಾತ್ರ ಹೊಡೆಯಬಲ್ಲದು. ಅದೇ ಕಾಲದ ಸ್ಟ್ರೆಲಾ-10 ಕ್ಷಿಪಣಿಯ ಕೈ ಇನ್ನೂ ಗಿಡ್ಡ. ಬೈರಕ್ತಾರ್ ಅದಕ್ಕೂ ಮೇಲೆ ಹಾರುತ್ತದೆ. ಆಗ ಹೊರಬಂದ ವಿಡಿಯೋಗಳಲ್ಲಿ ಓಸಾ ವಾಹನದ ಆಂಟೆನಾ ತಿರುಗುತ್ತಲೇ ಇರುತ್ತದೆ, ಮರುಕ್ಷಣ ಪರದೆ ತುಂಬ ಬೆಂಕಿ. ಒಳಗೆ ಕುಳಿತವರಿಗೆ ತಮ್ಮ ತಲೆಯ ಮೇಲೆ ಏನಿದೆ ಎಂಬುದೇ ಕಂಡಿರಲಿಲ್ಲವಲ್ಲ ಎಂದು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಆ ಯುದ್ಧದಲ್ಲಿ ಅರ್ಮೇನಿಯನ್ನರ ಕಡೆ 3,800ಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಕಡ್ಡಾಯ ಸೇವೆಗೆ ಬಂದಿದ್ದ ಹದಿನೆಂಟು, ಹತ್ತೊಂಬತ್ತರ ಹುಡುಗರು ಬಹಳ.

ಇನ್ನೊಂದು ಪೆಟ್ಟು ಬಿದ್ದದ್ದು ನಂಬಿಕೆಗೆ. ರಷ್ಯಾದಿಂದ 2019ರ ಕೊನೆಯಲ್ಲಿ ಬಂದಿದ್ದ ನಾಲ್ಕು ಸುಖೋಯ್-30 ವಿಮಾನಗಳು ಯುದ್ಧಕ್ಕೆ ಇಳಿಯಲೇ ಇಲ್ಲ. ಅವಕ್ಕೆ ಕ್ಷಿಪಣಿಗಳೇ ಇರಲಿಲ್ಲವೆಂದು ಪ್ರಧಾನಿ ಪಾಶಿನ್ಯಾನ್ ಅವರೇ ಆಮೇಲೆ ಒಪ್ಪಿಕೊಂಡರು. 2022ರ ಸೆಪ್ಟೆಂಬರ್‌ನಲ್ಲಿ ಜೆರ್ಮುಕ್ ಕಡೆ, ಅರ್ಮೇನಿಯಾದ ಸ್ವಂತ ನೆಲದ ಮೇಲೆಯೇ ದಾಳಿಯಾದಾಗ ರಷ್ಯಾ ನೇತೃತ್ವದ ಸಾಮೂಹಿಕ ಭದ್ರತಾ ಒಕ್ಕೂಟ ಪಡೆ ಕಳುಹಿಸಲಿಲ್ಲ. ಮರುವರ್ಷ ಕರಬಾಖ್ ಪೂರ್ತಿ ಕೈತಪ್ಪಿ ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟು ಬಂದರು. 2024ರಲ್ಲಿ ಅರ್ಮೇನಿಯಾ ಒಕ್ಕೂಟದಲ್ಲಿ ತನ್ನ ಭಾಗವಹಿಸುವಿಕೆಯನ್ನು ತಡೆಹಿಡಿಯಿತು. ರಷ್ಯಾದ ಸೈನಿಕ ನೆಲೆ ಮಾತ್ರ ಗ್ಯುಮ್ರಿಯಲ್ಲಿ ಇಂದಿಗೂ ಇದೆ.

ಭಾರತದ ನಂಟು ದಟ್ಟವಾದದ್ದು ಈ ಹಿನ್ನೆಲೆಯಲ್ಲಿ. ಮೊದಲು ಹೋದದ್ದು ಸ್ವಾತಿ ರೇಡಾರ್. ಬೆಂಗಳೂರಿನ ಎಲ್‌ಆರ್‌ಡಿಇ ಪ್ರಯೋಗಾಲಯ ರೂಪಿಸಿದ್ದು, ಬಿಇಎಲ್ ತಯಾರಿಸಿದ್ದು. ಶತ್ರುವಿನ ಫಿರಂಗಿ ಗುಂಡು ಗುಡ್ಡದಾಚೆಯಿಂದ ಮೇಲೇರುತ್ತಿದ್ದಂತೆ ಸ್ವಾತಿ ಅದನ್ನು ಹಿಡಿಯುತ್ತದೆ. ಅದು ಸಾಗಿದ ಬಾಗು ದಾರಿಯನ್ನು ಹಿಂದಕ್ಕೆ ಲೆಕ್ಕ ಹಾಕಿ, ಗುಂಡು ಹಾರಿಸಿದ ಫಿರಂಗಿ ಎಲ್ಲಿದೆ ಎಂದು ಹೇಳುತ್ತದೆ. ಆ ಲೆಕ್ಕ ನಮ್ಮ ಫಿರಂಗಿಯವರ ಕೈಗೆ ತಕ್ಷಣ ಮುಟ್ಟಬೇಕು, ಇಲ್ಲದಿದ್ದರೆ ಶತ್ರು ಜಾಗ ಖಾಲಿ ಮಾಡಿರುತ್ತಾನೆ. ಗುಡ್ಡಗಾಡಿನ ಅರ್ಮೇನಿಯಾಕ್ಕೆ ಇದು ಹೇಳಿ ಮಾಡಿಸಿದಂತಹ ಸಾಧನ. ಆಮೇಲೆ ಪಿನಾಕ ರಾಕೆಟ್, ಆಕಾಶ್ ಕ್ಷಿಪಣಿ, 155 ಮಿಲಿಮೀಟರಿನ ಫಿರಂಗಿಗಳು ಹೋದವು. ಪಿನಾಕ ಮತ್ತು ಆಕಾಶ್ ಎರಡಕ್ಕೂ ಮೊದಲ ವಿದೇಶಿ ಗ್ರಾಹಕ ಅರ್ಮೇನಿಯಾವೇ. ಆಕಾಶ್ ಬೈರಕ್ತಾರ್ ಹಾರುವ ಎತ್ತರವನ್ನು ದಾಟಿ ಹೊಡೆಯಬಲ್ಲದು. ಫ್ರಾನ್ಸ್ ಕೂಡ ರೇಡಾರ್‌ಗಳ ಜೊತೆ 36 ಸೀಸರ್ ಫಿರಂಗಿಗಳನ್ನು ಕೊಡಲು ಒಪ್ಪಿದೆ.

ನನಗೆ ಕಾಣುವ ತೊಡಕು ಉಗ್ರಾಣದಲ್ಲಿದೆ. ಹಳೆಯ ಸೋವಿಯತ್ ಫಿರಂಗಿಗಳದ್ದು 122, 152 ಮಿಲಿಮೀಟರ್ ಗುಂಡು. ಹೊಸದಕ್ಕೆ 155 ಬೇಕು. ಸೋವಿಯತ್ ಕಾಲದ ಗ್ರ್ಯಾಡ್ ರಾಕೆಟ್ ಪಿನಾಕಕ್ಕೆ ಹೊಂದುವುದಿಲ್ಲ. ಫ್ರಾನ್ಸಿನ ರೇಡಾರ್ ಕಂಡದ್ದು ಭಾರತದ ಕ್ಷಿಪಣಿಯ ತುಕಡಿಗೆ, ಅಲ್ಲಿಂದ ರಷ್ಯಾದ ಹಳೆಯ ತುಕಡಿಗೆ ಕ್ಷಣದಲ್ಲಿ ತಲುಪಬೇಕು. ಬೇರೆ ಬೇರೆ ಕಡೆಯ ಯಂತ್ರಗಳನ್ನು ಒಂದಕ್ಕೊಂದು ಮಾತನಾಡಿಸುವುದು ಎಷ್ಟು ಕಷ್ಟ ಎಂಬುದನ್ನು ನಾನು ಕೈಯಾರೆ ಮಾಡಿ ಬಲ್ಲೆ. ವರ್ಷಗಳು ಹಿಡಿಯುತ್ತವೆ. 2020ರಲ್ಲಿ ಅರ್ಮೇನಿಯಾಕ್ಕೆ ಶಸ್ತ್ರಕ್ಕಿಂತ ಹೆಚ್ಚಾಗಿ ಕೈಕೊಟ್ಟದ್ದು ಈ ಹೊಂದಾಣಿಕೆ ಎಂದೇ ನನ್ನ ಅಭಿಪ್ರಾಯ.

ಅರ್ಮೇನಿಯಾದ ಜನಸಂಖ್ಯೆ ಸುಮಾರು 30 ಲಕ್ಷ. ಎದುರಾಳಿಯದ್ದು ಒಂದು ಕೋಟಿಯಷ್ಟು, ರಕ್ಷಣಾ ವೆಚ್ಚವೂ ಎರಡು ಪಟ್ಟಿಗಿಂತ ಹೆಚ್ಚು. ಟರ್ಕಿ, ಅಜರ್ಬೈಜಾನ್ ಗಡಿಗಳು ಮುಚ್ಚಿ ದಶಕಗಳಾಗಿವೆ. ಸಮುದ್ರವಿಲ್ಲದ ಆ ದೇಶಕ್ಕೆ ಭೂಮಾರ್ಗದಲ್ಲಿ ಒಂದು ಪಿನಾಕ ರಾಕೆಟ್ ತಲುಪಬೇಕೆಂದರೂ ಜಾರ್ಜಿಯಾ ಅಥವಾ ಇರಾನ್ ದಾರಿ ಬಿಡಬೇಕು. 2025ರ ಆಗಸ್ಟ್‌ನಲ್ಲಿ ವಾಷಿಂಗ್ಟನ್ನಿನಲ್ಲಿ ಶಾಂತಿ ಒಪ್ಪಂದದ ಕರಡಿಗೆ ಎರಡೂ ದೇಶಗಳು ಮೊದಲ ಸಹಿ ಹಾಕಿವೆ. ಅದು ನಿಲ್ಲಲಿ ಎಂದು ಮನಸಾರೆ ಬಯಸುತ್ತೇನೆ. ನಮ್ಮ ಊರಿನಿಂದ ಹೋದ ಆ ರೇಡಾರ್‌ಗಳು ತಾಲೀಮಿನಲ್ಲಿ ಮಾತ್ರ ತಿರುಗುತ್ತಿರಲಿ.