ಬಿಂದುವಿನ ಕೆಳಗೆ ಬಿಂದು ಬರೆದರೂ ಲೆಕ್ಕ ತಪ್ಪುವುದೇಕೆ?

ಪ್ರಶ್ನೆ: ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಐದನೇ ತರಗತಿಗೆ ಗಣಿತ ಕಲಿಸುತ್ತೇನೆ. ದಶಮಾಂಶ ಸಂಖ್ಯೆಗಳನ್ನು ಕೂಡುವಾಗ, ಕಳೆಯುವಾಗ ಬಿಂದುವಿನ ಕೆಳಗೆ ಬಿಂದು ಬರಬೇಕು ಎಂದು ಎಷ್ಟು ಹೇಳಿದರೂ ಮಕ್ಕಳು ತಪ್ಪುತ್ತಾರೆ. 4.7 + 2.35 ಕೊಟ್ಟರೆ 6.42 ಎನ್ನುತ್ತಾರೆ. 6 − 2.35 ಕೊಟ್ಟರೆ 4.35 ಎಂದು ಬರೆಯುತ್ತಾರೆ. ಏನು ಮಾಡಲಿ, ಸರ್?
– ಶಿಕ್ಷಕಿ, ಹಾವೇರಿ ಜಿಲ್ಲೆ

ಉತ್ತರ: ಮೇಡಂ, ತಪ್ಪು ಉತ್ತರಗಳನ್ನೂ ಬರೆದು ಕಳಿಸಿದ್ದು ಒಳ್ಳೆಯದಾಯಿತು. ಇವು ಗಮನವಿಲ್ಲದೆ ಆದ ತಪ್ಪುಗಳಲ್ಲ. 6.42 ಬರೆದ ಮಗು ಬಲಗಡೆಯ 7 ಮತ್ತು 35ನ್ನು ಕೂಡಿ 42 ಮಾಡಿದೆ, ಎಡಗಡೆಯ 4 ಮತ್ತು 2ನ್ನು ಕೂಡಿ 6 ಮಾಡಿದೆ. ಅದರ ಪಾಲಿಗೆ ಬಿಂದು ಎಂದರೆ ಎರಡು ಬೇರೆ ಸಂಖ್ಯೆಗಳ ನಡುವಿನ ಗೋಡೆ. 4.35 ಬರೆದ ಮಗು 6ರಲ್ಲಿ 2 ಕಳೆದು, ಮೇಲೆ ಏನೂ ಇಲ್ಲದ 35ನ್ನು ಹಾಗೆಯೇ ಕೆಳಗಿಳಿಸಿದೆ. ನಿಮ್ಮ ನಿಯಮ ಇಬ್ಬರಿಗೂ ನೆರವಾಗದು. 6ರಲ್ಲಿ ಬಿಂದುವೇ ಕಾಣುವುದಿಲ್ಲ, ಅದರ ಕೆಳಗೆ ಇನ್ನೊಂದನ್ನು ಬರೆಯುವುದಾದರೂ ಎಲ್ಲಿ?

ಮಕ್ಕಳಿಗೆ ಕೊರತೆಯಾಗಿರುವುದು ನಿಯಮವಲ್ಲ, ಸ್ಥಾನಬೆಲೆ. ಕೂಡುವ ಲೆಕ್ಕವನ್ನು ಕೆಲವು ದಿನ ಪಕ್ಕಕ್ಕಿಟ್ಟು, 0.7 ಮತ್ತು 0.35ರಲ್ಲಿ ದೊಡ್ಡದು ಯಾವುದು ಎಂದು ಕೇಳಿ ನೋಡಿ. 0.35 ಎನ್ನುವ ಮಕ್ಕಳೇ ಬಹುಮಟ್ಟಿಗೆ 6.42 ಬರೆದವರಾಗಿರುತ್ತಾರೆ. ಅವರಿಗೆ ಮೊದಲು ಬೇಕಾದದ್ದು ಕತ್ತರಿ ಮತ್ತು ಚೌಕಳಿ ಹಾಳೆ.

ಹತ್ತು ಸಾಲು, ಹತ್ತು ಕಂಬಸಾಲಿನ ಚೌಕವನ್ನು ಕತ್ತರಿಸಿ, ಇದು 1 ಎನ್ನಿ. ಅದರ ಒಂದು ಕಂಬಸಾಲನ್ನು ಕತ್ತರಿಸಿದರೆ ಬರುವ ಪಟ್ಟಿ 0.1, ಪಟ್ಟಿಯ ಒಂದು ಮನೆ 0.01. ಈಗ 4.7 ಎಂದರೆ ನಾಲ್ಕು ಚೌಕ, ಏಳು ಪಟ್ಟಿ. 2.35 ಎಂದರೆ ಎರಡು ಚೌಕ, ಮೂರು ಪಟ್ಟಿ, ಐದು ಮನೆ. ಎಲ್ಲವನ್ನೂ ಮೇಜಿನ ಮೇಲೆ ಒಟ್ಟು ಮಾಡಿದಾಗ ಹತ್ತು ಪಟ್ಟಿ ಆಗುತ್ತವೆ. ಅವನ್ನು ಕೊಟ್ಟು ಒಂದು ಚೌಕ ಪಡೆಯಲಿ. ಉಳಿದದ್ದು ಏಳು ಚೌಕ, ಐದು ಮನೆ, ಪಟ್ಟಿ ಒಂದೂ ಇಲ್ಲ. ಅದನ್ನು ಬರೆಯುವಾಗ ಕೆಲವರು 7.5 ಎಂದು ಬರೆದೇ ಬರೆಯುತ್ತಾರೆ. ಕೂಡಲೇ ತಿದ್ದಬೇಡಿ. 7.5ನ್ನು ಕಾಗದದಲ್ಲಿ ಜೋಡಿಸಿ ತೋರಿಸು ಎನ್ನಿ. ಐದು ಪಟ್ಟಿ ಎತ್ತಿಕೊಂಡು, ಮೇಜಿನ ಮೇಲಿನ ಐದು ಪುಟ್ಟ ಮನೆಗಳನ್ನು ನೋಡಿದ ಮಗುವಿಗೆ 7.05ರ ನಡುವಿನ ಸೊನ್ನೆ ಏಕೆಂದು ನೀವು ಹೇಳಬೇಕಾಗಿಲ್ಲ.

ಕಳೆಯುವುದು ಇನ್ನೂ ಕಷ್ಟ. ಆರು ಚೌಕ ಕೈಗೆ ಕೊಟ್ಟು 2.35 ಕೇಳಿ. ಕೊಡಲು ಪಟ್ಟಿಯಿಲ್ಲ, ಮನೆಯೂ ಇಲ್ಲ. ಒಂದು ಚೌಕವನ್ನು ಹತ್ತು ಪಟ್ಟಿ ಮಾಡಬೇಕು, ಆ ಪಟ್ಟಿಗಳಲ್ಲಿ ಒಂದನ್ನು ಹತ್ತು ಮನೆ ಮಾಡಬೇಕು. ಈಗ ಐದು ಚೌಕ, ಒಂಬತ್ತು ಪಟ್ಟಿ, ಹತ್ತು ಮನೆ. ಕೊಡಬೇಕಾದದ್ದನ್ನು ಕೊಟ್ಟ ಮೇಲೆ 3.65 ಉಳಿಯುತ್ತದೆ. ಕಪ್ಪುಹಲಗೆಯ ಮೇಲೆ 6.00 ಬರೆದು 5, 9, 10 ಎಂದು ಹೊಡೆದು ಬರೆಯುವ ಕ್ರಮವನ್ನು ಇದಾದ ಮೇಲೆಯೇ ಹೇಳಿಕೊಡಿ. ಕೊನೆಗೆ ಸೊನ್ನೆ ಸೇರಿಸಿದರೆ ಬೆಲೆ ಬದಲಾಗದು ಎಂದು ಬಾಯಲ್ಲಿ ಹೇಳಿದರೆ ಮಕ್ಕಳು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. 4ರ ಪಕ್ಕ ಸೊನ್ನೆ ಬರೆದರೆ 40 ಆಗುತ್ತದೆಂದು ನಾವೇ ಕಲಿಸಿದ್ದೇವೆ. ಏಳು ಪಟ್ಟಿಗಳನ್ನು ಕತ್ತರಿಸಿದರೆ ಎಪ್ಪತ್ತು ಮನೆ, ಕಾಗದ ಅಷ್ಟೇ: 0.7 ಮತ್ತು 0.70 ಒಂದೇ.

ಇನ್ನು ಅಭ್ಯಾಸದ ಲೆಕ್ಕಗಳು. 3.45 + 2.31 ಮಾದರಿಯವು ಎಷ್ಟು ಕೊಟ್ಟರೂ ಪ್ರಯೋಜನ ಕಡಿಮೆ, ಏನೂ ಅರ್ಥವಾಗದಿದ್ದರೂ ಉತ್ತರ ಸರಿ ಬರುತ್ತದೆ. 12 + 0.4, 0.8 + 0.25, 5 − 0.05 ಕೊಡಿ. ಲೆಕ್ಕ ಮಾಡುವ ಮೊದಲು ಉತ್ತರ ಸುಮಾರು ಎಷ್ಟಿರಬಹುದು ಎಂದು ಪ್ರತಿಸಲ ಕೇಳಿ. 4.7ಕ್ಕೆ ಬರೀ 2 ಕೂಡಿದರೇ 6.7 ಆಗುತ್ತದೆ. ಹಾಗಿರುವಾಗ 6.42 ಹೇಗೆ ಬಂದೀತು ಎಂದು ಮಗುವೇ ತನ್ನನ್ನು ಕೇಳಿಕೊಳ್ಳಬೇಕು. ಈ ಒಂದು ಅಭ್ಯಾಸವನ್ನು ಮಾತ್ರ ದಯವಿಟ್ಟು ಬಿಡಬೇಡಿ.

ಪ್ರಶ್ನೆ: ರೂಪಾಯಿ–ಪೈಸೆ ಹೇಳಿ ಕಲಿಸಿದರೆ ಸುಲಭವಲ್ಲವೇ? ಮಗನಿಗೆ ಕ್ರಿಕೆಟ್ ಎಂದರೆ ಪ್ರಾಣ, ಓವರ್ ಲೆಕ್ಕವನ್ನೂ ಬಳಸಬಹುದೇ?
– ಪಾಲಕರು, ಮೈಸೂರು

ಉತ್ತರ: ಹಣದಿಂದ ಶುರು ಮಾಡಬೇಡಿ. 25 ಪೈಸೆ ಮತ್ತು ಅದಕ್ಕಿಂತ ಕಡಿಮೆ ಬೆಲೆಯ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೆ ನಿಂತಿತು. ನಿಮ್ಮ ಮಗ ಅವನ್ನು ಕೈಯಲ್ಲಿ ಹಿಡಿದು ಖರ್ಚು ಮಾಡಿದವನಲ್ಲ. ಜೊತೆಗೆ, 2.5 ಕಂಡರೆ ಎರಡು ರೂಪಾಯಿ ಐದು ಪೈಸೆ ಎಂದು ಓದುವ ಅಪಾಯವಿದೆ. ಮೀಟರ್ ಟೇಪು ಇದಕ್ಕಿಂತ ಮೇಲು.

ಓವರ್ ಲೆಕ್ಕವಂತೂ ಬೇಡವೇ ಬೇಡ. ಅಲ್ಲಿ 4.3 ಎಂದರೆ ನಾಲ್ಕು ಓವರ್ ಮೂರು ಎಸೆತ, ಆರು ಎಸೆತಕ್ಕೇ ಓವರ್ ಮುಗಿಯುತ್ತದೆ. ಹಾಗಾಗಿ 4.3 + 2.4 ಓವರ್ ಕೂಡಿದರೆ 7.1, ದಶಮಾಂಶದಲ್ಲಿ ಅದೇ 6.7. ಈ ವ್ಯತ್ಯಾಸವನ್ನು ಅವನಿಗೆ ಬಿಡಿಸಿ ಹೇಳಿ.

ಆಟವೇ ಬೇಕೆಂದರೆ ಜಾವೆಲಿನ್ ಇದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅರ್ಷದ್ ನದೀಮ್ 92.97 ಮೀಟರ್ ಎಸೆದರು, ನೀರಜ್ ಚೋಪ್ರಾ 89.45 ಮೀಟರ್. ಅಂತರ 3.52. ನೀರಜ್ ಅವರ ಟೋಕಿಯೊ ಚಿನ್ನದ ಎಸೆತ 87.58 ಮೀಟರ್. ಅದಕ್ಕಿಂತ ಪ್ಯಾರಿಸ್‌ನಲ್ಲಿ ಎಷ್ಟು ದೂರ ಹೆಚ್ಚು ಎಸೆದರು ಎಂಬುದನ್ನು ಎರಡನೆಯ ಲೆಕ್ಕವಾಗಿ ಕೊಡಿ. ಇದರಲ್ಲಿ ಶತಾಂಶಕ್ಕೂ ದಶಾಂಶಕ್ಕೂ ಪಕ್ಕದ ಮನೆಯಿಂದ ಸಾಲ ತರಬೇಕು. ಉತ್ತರ 1.87 ಬಂದ ಮೇಲೆ, ಅಷ್ಟುದ್ದವನ್ನು ಟೇಪಿನಿಂದ ನೆಲದ ಮೇಲೆ ಅಳೆದು ಗೆರೆ ಎಳೆಯಲು ಹೇಳಿ.