ಸ್ಟಾಕ್‌ಹೋಮ್‌ಗೆ ಬಂದಮೇಲೆ ಪಿಯಾನೊ ಬಿಡಬೇಕಾ?

ಮೈಸೂರಿನ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದೆ, ಹೆಂಡತಿಗೆ ಸ್ಟಾಕ್‌ಹೋಮ್‌ನಲ್ಲಿ ಕೆಲಸ ಸಿಕ್ಕಿತು ಅಂತ ಬಂದೆ, ಇಲ್ಲಿ ನನ್ನನ್ನು ಯಾರು ಕೇಳುತ್ತಾರೆ ಅಂತ ಬರೆದಿದ್ದೀರಿ. ಚಳಿ, ಬಾಡಿಗೆ ಬಗ್ಗೆ ಹೇಳೋರು ಬೇಕಾದಷ್ಟು ಜನ ಸಿಗುತ್ತಾರೆ. ನಾನು ಇದೇ ಊರಲ್ಲಿ ಬದುಕಿದ ಬೆಬೊ ವಾಲ್ದೆಸ್ ಬಗ್ಗೆ ಹೇಳುತ್ತೇನೆ.

ಬೆಬೊ ಹುಟ್ಟಿದ್ದು 1918ರಲ್ಲಿ, ಕ್ಯೂಬಾದ ಕಿವಿಕಾನ್‌ನಲ್ಲಿ. ಹವಾನಾದ ಟ್ರೋಪಿಕಾನಾ ಕ್ಯಾಬರೆಯಲ್ಲಿ ಪಿಯಾನೊ ನುಡಿಸಿ ಹೆಸರು ಮಾಡಿದವರು. ಆಫ್ರಿಕಾದಿಂದ ಗುಲಾಮರಾಗಿ ಬಂದವರು ದೇವರ ಮುಂದೆ ಬಾರಿಸುತ್ತಿದ್ದ ಬಾಟಾ ಡೋಲನ್ನು ಡಾನ್ಸ್ ಬ್ಯಾಂಡಿಗೆ ತಂದು, 1952ರಲ್ಲಿ ಬಟಾಂಗಾ ಅನ್ನುವ ಹೊಸ ಲಯವನ್ನೇ ಕಟ್ಟಿದರು. ಸಣ್ಣ ಆಸಾಮಿ ಅಲ್ಲ.

ಕ್ರಾಂತಿಯ ನಂತರ, 1960ರಲ್ಲಿ, ದೇಶ ಬಿಟ್ಟರು. 1963ರಲ್ಲಿ ಒಂದು ತಂಡದ ಜೊತೆ ಸ್ಟಾಕ್‌ಹೋಮ್‌ಗೆ ಬಂದವರು ಇಲ್ಲಿನ ಹುಡುಗಿಯನ್ನು ಮೆಚ್ಚಿ ಮದುವೆಯಾಗಿ ಇಲ್ಲೇ ನಿಂತರು. ಆಮೇಲೆ ಹೋಟೆಲುಗಳಲ್ಲಿ ಪಿಯಾನೊ. ಒಂದೆರಡು ವರ್ಷವಲ್ಲ, ದಶಕಗಟ್ಟಲೆ. ಮೂಲೆಯಲ್ಲಿ ನುಡಿಸುತ್ತಿದ್ದವರು ಯಾರು ಅಂತ ಊಟಕ್ಕೆ ಕೂತವರಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತೋ!

1994ರಲ್ಲಿ ಸ್ಯಾಕ್ಸೊಫೋನ್ ವಾದಕ ಪಾಕಿಟೊ ಡಿ'ರಿವೇರಾ ಫೋನ್ ಮಾಡಿ ರೆಕಾರ್ಡಿಂಗಿಗೆ ಕರೆದರು. ಆಗ ಬೆಬೊಗೆ ವಯಸ್ಸು 76. ಜರ್ಮನಿಗೆ ಹೋಗಿ ನುಡಿಸಿದರು. 2003ರಲ್ಲಿ ಸ್ಪೇನಿನ ಫ್ಲಮೆಂಕೊ ಹಾಡುಗಾರಿಕೆಯ ಗಾಯಕ ಎಲ್ ಸಿಗಾಲಾ ಜೊತೆ ಮಾಡಿದ ಆಲ್ಬಮ್ ಅವರನ್ನು ಎಲ್ಲೆಲ್ಲೋ ಕರೆದುಕೊಂಡು ಹೋಯಿತು. ಗ್ರ್ಯಾಮಿಗಳೂ ಬಂದವು.

ಕಾದರೆ ಒಂದಿನ ಅದೃಷ್ಟ ಖುಲಾಯಿಸುತ್ತೆ ಅಂತ ಇದರ ಅರ್ಥ ಮಾಡಿಕೊಳ್ಳಬೇಡಿ. ಅಂಥ ಫೋನು ಎಲ್ಲರಿಗೂ ಬರೋದಿಲ್ಲ. ನನಗೆ ಹಿಡಿಸೋದು ಆ ಹೋಟೆಲ್ ವರ್ಷಗಳೇ. ಸಂಸಾರ ನಡೆಯಿತು, ಬೆರಳೂ ತುಕ್ಕು ಹಿಡಿಯಲಿಲ್ಲ.

ಕಳೆದುಕೊಂಡದ್ದೂ ಇದೆ. ಮಗ ಚೂಚೊ ಕ್ಯೂಬಾದಲ್ಲೇ ಉಳಿದು ತಾನೂ ದೊಡ್ಡ ಪಿಯಾನೊ ವಾದಕನಾದ. ಅಪ್ಪ ಮಗ ಮತ್ತೆ ಮುಖ ನೋಡಿದ್ದು 18 ವರ್ಷದ ಮೇಲೆ, 1978ರಲ್ಲಿ, ನ್ಯೂಯಾರ್ಕಿನಲ್ಲಿ. 2000ದಲ್ಲಿ ಬಂದ 'ಕಾಯೆ 54' ಚಿತ್ರದಲ್ಲಿ ಇಬ್ಬರೂ ಎರಡು ಪಿಯಾನೊಗಳಲ್ಲಿ ಎದುರುಬದುರು ಕೂತು 'ಲಾ ಕೊಂಪಾರ್ಸಾ' ಅನ್ನುವ ಕ್ಯೂಬಾದ ಕೃತಿ ನುಡಿಸುತ್ತಾರೆ. ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಎತ್ತಿಕೊಳ್ಳುವ ಅಂದವನ್ನು ನೋಡಲೇಬೇಕು. ಬೆಬೊ ಕ್ಯೂಬಾಗೆ ವಾಪಸ್ ಹೋಗಲೇ ಇಲ್ಲ. 2013ರಲ್ಲಿ, 94ನೇ ವಯಸ್ಸಲ್ಲಿ, ಸ್ಟಾಕ್‌ಹೋಮ್‌ನಲ್ಲೇ ತೀರಿಕೊಂಡರು. ಊರಿಗೆ ಹೋಗಲಾಗದ ಕಷ್ಟ ನಿಮಗಿಲ್ಲ. ಟಿಕೆಟ್ ದುಬಾರಿ ಅಷ್ಟೇ.

ಈಗ ಮಾಡಬೇಕಾದ್ದು: ಪರ್ಸೂನ್ನುಮರ್ (ಇಲ್ಲಿನ ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಬಂದ ಕೂಡಲೇ ಎಸ್‌ಎಫ್‌ಐ, ಅಂದರೆ ವಲಸೆ ಬಂದವರಿಗಾಗಿ ಇರುವ ಸ್ವೀಡಿಶ್ ಕ್ಲಾಸಿಗೆ ಸೇರಿ, ಸ್ವೀಡಿಶ್ ಪುಕ್ಕಟೆ ಕಲಿಸುತ್ತಾರೆ. ಮಕ್ಕಳಿಗೆ ಸಂಗೀತ ಹೇಳಿಕೊಡೋಕೆ ಆ ಭಾಷೆ ಬೇಕೇ ಬೇಕು. ಅಭ್ಯಾಸಕ್ಕೆ ಜಾಗ ಬೇಕಿದ್ದರೆ ಸ್ಟೂಡಿಯೆಫರ್‌ಬುಂಡ್ ಅನ್ನುವ ಕಲಿಕಾ ಸಂಘಗಳನ್ನು ಕೇಳಿ. ಫ್ಲ್ಯಾಟಿನಲ್ಲಿ ರಾತ್ರಿ ಹೆಡ್‌ಫೋನ್ ಹಾಕಿಕೊಳ್ಳಿ, ಪಕ್ಕದ ಮನೆಯವರು ದೂರು ಕೊಟ್ಟೇ ಕೊಡುತ್ತಾರೆ. ಯುಗಾದಿಗೆ ನಮ್ಮ ಕನ್ನಡದವರು ಕರೆಯುತ್ತಾರೆ, ಖಂಡಿತ ಹೋಗಿ ನುಡಿಸಿ. ಆದರೆ ಹೋಳಿಗೆ ಊಟ ಹಾಕಿ ಸುಮ್ನೆ ಕಳಿಸೋದಕ್ಕೆ ಒಪ್ಪಬೇಡಿ, ಸಂಭಾವನೆ ಮೊದಲೇ ಮಾತಾಡಿಕೊಳ್ಳಿ.