ಮೆಂತೆ ಒಮ್ಮೆಲೇ ಬಂತು, ಬೆಂಡಿ ಬಲಿತು ಹೋಯ್ತು

ಪ್ರಶ್ನೆ: ಮನೆ ಹಿಂದಿನ ಎರಿ (ಕಪ್ಪು ಮಣ್ಣಿನ) ಹೊಲದಾಗ ಐದು ಗುಂಟೆ ಕಾಯಿಪಲ್ಯ ಹಾಕೀವ್ರಿ. ಆರು ಮಂದಿ ಅದೀವಿ. ಮೆಂತೆ ಎಲ್ಲಾ ಒಮ್ಮೆಲೇ ಬಂದು ಹೂವಾತು, ಬೆಂಡಿ ನಾರಾಗತಾವ. ಕೆಲಸ ಅಷ್ಟೂ ಅತ್ತಿಯವರ ಮ್ಯಾಲೇ ಬಿದ್ದದ. ಏನ್ ಮಾಡೂದು?
ಓದುಗರು, ಮುಧೋಳ ತಾಲೂಕು

ಉತ್ತರ: ತೊಂದರೆ ಬಿತ್ತಿದ ದಿನದಲ್ಲೇ ಇದೆ ತಾಯಿ. ಮೆಂತೆಯನ್ನು ಒಂದೇ ದಿನ ಚೆಲ್ಲಬೇಡಿ. ಕಾಲು ಗುಂಟೆಯ ಮಡಿಗೆ 60–75 ಗ್ರಾಂ ಬೀಜ ಸಾಕು. ಎಂಟು ದಿನಕ್ಕೊಂದು ಮಡಿ ಬಿತ್ತಿ. ನಾಲ್ಕನೆಯದು ಬಿತ್ತುವ ಹೊತ್ತಿಗೆ ಮೊದಲನೆಯದು ಕೀಳಲು ಬರುತ್ತದೆ. ರಾಜಗಿರಿ, ಸಬ್ಬಸಿಗೆಗೂ ಇದೇ ಕ್ರಮ.

ಬೆಂಡಿ ಹಾಗಲ್ಲ, ಅದು ನಮಗಾಗಿ ಕಾಯುವುದಿಲ್ಲ. ಹೂ ಬಿಟ್ಟ ಐದಾರು ದಿನಕ್ಕೆ ಕಾಯಿ ಕೊಯ್ಯಲೇಬೇಕು. ತುದಿಯನ್ನು ಬೆರಳಿಂದ ಮುರಿಯಿರಿ: ಚಟ್ಟನೆ ಮುರಿದರೆ ಎಳೆಯದು, ಬಾಗಿದರೆ ಬಲಿತದ್ದು. ಬಲಿತದ್ದನ್ನೂ ಗಿಡದಲ್ಲಿ ಬಿಡಬೇಡಿ, ಬಿಟ್ಟರೆ ಹೊಸ ಹೂ ಕಡಿಮೆಯಾಗುತ್ತದೆ. ಆರು ಮಂದಿಗೆ ಅರವತ್ತು ಗಿಡ ಸಾಕು.

ಎರಿ ಮಣ್ಣು ಮೇಲೆ ಬಿರಿದಿದ್ದರೂ ಒಳಗೆ ಹಸಿ ಇರುತ್ತದೆ. ಅದನ್ನು ನೋಡದೆ ನೀರು ಬಿಟ್ಟು ಬೇರು ಕೊಳೆಸಿಕೊಳ್ಳುವವರೇ ಹೆಚ್ಚು. ಮೂರು ಇಂಚು ಕೆಳಗಿನ ಮಣ್ಣು ಹಿಡಿದು ಹಿಚುಕಿ. ಉಂಡಿ ಕಟ್ಟಿದರೆ ಅವತ್ತು ನೀರು ಬೇಡ. ಮಡಿ ಅರ್ಧ ಅಡಿ ಎತ್ತರ, ಮೂರು ಅಡಿ ಅಗಲ ಇರಲಿ, ಎರಡೂ ಕಡೆಯಿಂದ ಕೈ ಎಟುಕುತ್ತದೆ.

ಅತ್ತೆಯವರಿಗೆ ಕುಳಿತು ಸೊಪ್ಪು ಸೋಸುವ ಕೆಲಸವಷ್ಟೇ ಬಿಡಿ. ಬಗ್ಗಿ ಕಳೆ ತೆಗೆಯುವುದು, ನೀರು ಹಾಯಿಸುವುದು ಗಂಡಸರ ಪಾಲಿಗಿರಲಿ. ಬೆಂಡಿ ಕೊಯ್ಲು ದಿನ ಬಿಟ್ಟು ದಿನ ಶಾಲೆಗೆ ಹೋಗುವ ಮೊದಲು ಮಕ್ಕಳದು. ಬೆಂಡಿ ಗಿಡದ ಸುಂಕಿಗೆ (ಸಣ್ಣ ಚುಚ್ಚುವ ಕೂದಲಿಗೆ) ಕೈ ತುರಿಸುತ್ತದೆ, ತುಂಬುತೋಳಿನ ಅಂಗಿ ಹಾಕಿಸಿ.